ಕಂಪೈಲರಿಗೆ ಬರೆದ ಬೈಗುಳ

ನಮ್ಮ ಬೀದಿಯಲ್ಲಿ ಅವರನ್ನು ಯಾಕಂದ್ರಣ್ಣ ಎಂದು ಕರೆಯುತ್ತೇವೆ. ಅಪ್ಪ ಇಟ್ಟ ಹೆಸರು ಬೇರೆ ಇದೆ. ಅದು ಬಾಗಿಲ ಮೇಲಿನ ಫಲಕದಲ್ಲಿ ಸುಖವಾಗಿದೆ, ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಯಾವ ಮಾತಿಗೂ ‘ಯಾಕಂದ್ರೆ’ ಎಂದು ಸೇರಿಸಿ ಕಾರಣ ಕೊಡುವುದು ಅವರ ಅಭ್ಯಾಸ. ‘ಊಟ ಆಯ್ತಾ?’ ಎಂದು ದಾರಿಯಲ್ಲಿ ಕೇಳಿದವನು, ಉತ್ತರ ಮುಗಿಯುವ ಹೊತ್ತಿಗೆ ತನ್ನ ಊಟದ ಹೊತ್ತು ಮೀರಿಸಿಕೊಂಡಿರುತ್ತಾನೆ. ಮನುಷ್ಯ ಒಳ್ಳೆಯವರು. ಸುಳ್ಳು ಹೇಳಲು ಬರುವುದಿಲ್ಲ. ನಿಜವನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಿಲ್ಲ.

ಅವರ ಮನೆ ಮಹಡಿಯ ಮೇಲೆ, ನನ್ನ ಹೊಲಿಗೆ ಅಂಗಡಿ ಕೆಳಗೆ. ಕೆಲಸದಿಂದ ಬಂದವರು ಮೆಟ್ಟಿಲು ಹತ್ತುವ ಮೊದಲು ನನ್ನ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂರುತ್ತಾರೆ. ಆರು ಜನರ ಒಂದು ಕಂಪನಿಯಲ್ಲಿ ಅವರಿಗೆ ಕೆಲಸ. ನೀರಿನ ಟ್ಯಾಂಕು ತುಂಬಿದಾಗ ಪಂಪು ತಾನೇ ನಿಲ್ಲಬೇಕು, ಖಾಲಿಯಾದಾಗ ತಾನೇ ಓಡಬೇಕು. ಅದಕ್ಕೆ ಬೇಕಾದ ಪ್ರೋಗ್ರಾಂ ಬರೆಯುತ್ತಾರೆ.

ಕಂಪೈಲರ್ ಅಂದರೇನು ಎಂದು ನನಗೆ ಹೇಳಿಕೊಟ್ಟದ್ದೂ ಅವರೇ. ಇವರು ಬರೆಯುವ ಕೋಡು ಮನುಷ್ಯರು ಓದುವಂಥದ್ದು, ಯಂತ್ರಕ್ಕೆ ತಿಳಿಯುವುದಿಲ್ಲ. ನಡುವೆ ಕೂತು ಅದನ್ನು ಯಂತ್ರಕ್ಕೆ ಆಗುವಂತೆ ಮಾಡಿಕೊಡುವುದೇ ಕಂಪೈಲರ್. ಗಿರಾಕಿ ‘ಸೊಂಟ ಮೂವತ್ತನಾಲ್ಕು, ಉದ್ದ ನಲವತ್ತು’ ಎನ್ನುತ್ತಾನೆ. ಅದನ್ನು ಪ್ಯಾಂಟು ಮಾಡುವವನು ನಾನು. ಆದರೆ ಟೈಲರುಗಳು ಹಲವರಿದ್ದ ಹಾಗೆ ಕಂಪೈಲರುಗಳೂ ಹಲವು. ಒಂದೇ ಅಳತೆ ಕೊಟ್ಟರೂ ಒಬ್ಬೊಬ್ಬರ ಕೈ ಒಂದೊಂದು ಥರ. ಹಾಗಾಗಿ ಕೋಡು ಮೊದಲು ‘ಸ್ವಾಮಿ, ತಾವು ಯಾರು?’ ಎಂದು ವಿಚಾರಿಸಿಕೊಂಡು, ಆಮೇಲೆ ಆ ಕೈಗೆ ಒಗ್ಗುವ ಸಾಲನ್ನು ಮುಂದಿಡಬೇಕು. ವಿಚಾರಿಸುವುದು ಸುಲಭ. ಪ್ರತಿ ಕಂಪೈಲರೂ ಎದೆಗೆ ಚೀಟಿ ಅಂಟಿಸಿಕೊಂಡೇ ಬರುತ್ತದಂತೆ. ಅದಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಅದರಲ್ಲಿ ಹೆಸರಿರುತ್ತದೆ, ಎಷ್ಟನೆಯ ಆವೃತ್ತಿ ಎಂಬ ಸಂಖ್ಯೆಯೂ ಇರುತ್ತದೆ. ಸಂಖ್ಯೆ ಕಡಿಮೆ ಇದ್ದಷ್ಟೂ ಹಳಬ. ಈ ಚೀಟಿ ಇದೆಯಾ ನೋಡು, ಇಲ್ಲದಿದ್ದರೆ ಮುಂದಿನದು ನೋಡು. ಯಾವುದೂ ಹೊಂದದಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ, ಪರದೆಯ ಮೇಲೆ ಒಂದು ಎರರ್ ಸಂದೇಶ ತೋರಿಸು. ಇಷ್ಟೇ.

ಈ ಸಂದೇಶವನ್ನು ಎಲ್ಲರೂ ‘ಈ ಕಂಪೈಲರಿಗೆ ಬೆಂಬಲವಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಯಾಕಂದ್ರಣ್ಣನವರಿಗೆ ಸ್ವಲ್ಪ ಸಾಹಿತ್ಯದ ತುರಿಕೆ.

‘ಟೈಲರ್, ಕೇಳಿ ಇದನ್ನ’ ಎಂದು ಒಂದು ಸಂಜೆ ಕಾಗದ ತೆಗೆದು ಓದಿದರು. ‘ಗುರುತೇ ಇಲ್ಲದ ಕಂಪೈಲರ್ ಬಂದ್ರೆ: ನೀನ್ಯಾರೋ ನನಗೆ ಗೊತ್ತಿಲ್ಲ, ಬಂದ ದಾರಿಗೆ ಸುಂಕವಿಲ್ಲ! ಗುರುತಿದ್ದೂ ತೀರಾ ಹಳೇದಾಗಿದ್ರೆ: ನಿನಗೆ ವಯಸ್ಸಾಯಿತು. ಇನ್ನು ನಿನ್ನಿಂದ ಕೆಲಸ ಆಗುವುದಿಲ್ಲ. ಇರುವ ಮರ್ಯಾದೆ ಉಳಿಸಿಕೊಂಡು ಮನೆಗೆ ಹೋಗು!’

ನಾನು ನಕ್ಕೆ. ಈಗ ನೆನೆದರೆ ಅದು ನನ್ನ ತಪ್ಪು. ಹೊಸ ಬರಹಗಾರನೆದುರು ನಗುವ ಮೊದಲು ಹಿಂದುಮುಂದು ನೋಡಬೇಕು.

‘ಇದನ್ನ ಯಾರಾದ್ರೂ ಓದ್ತಾರಾ?’ ಎಂದೆ.

‘ಯಾರೂ ಓದಲ್ಲ. ಯಾಕಂದ್ರೆ ಅಷ್ಟು ಹಳೇ ಕಂಪೈಲರು ಈಗ ಯಾರ ಹತ್ರಾನೂ ಇಲ್ಲ.’

ಈ ಕೋಡು ಹೋದದ್ದು ನೀರು ಸರಬರಾಜು ಕಚೇರಿಗೆ. ಅಲ್ಲೊಂದು ನಿಯಮ: ಸಿದ್ಧ ಪ್ರೋಗ್ರಾಂ ತೆಗೆದುಕೊಳ್ಳುವುದಿಲ್ಲ. ಕೋಡು ತಂದುಕೊಡಬೇಕು, ಅದು ಅವರ ಯಂತ್ರದಲ್ಲಿ, ಅವರ ಕಂಪೈಲರಿನಿಂದ, ಅವರ ಕಣ್ಣೆದುರಿಗೇ ಪ್ರೋಗ್ರಾಂ ಆಗಬೇಕು. ಆಮೇಲೆ ಮುಖ್ಯಾಧಿಕಾರಿಯ ಸಹಿ.

ಯಾಕಂದ್ರಣ್ಣನ ಹೆಂಡತಿಯ ತಮ್ಮ ಅದೇ ಕಚೇರಿಯಲ್ಲಿ ಗುಮಾಸ್ತ. ಸೋಮವಾರ ಸಂಜೆ ಅವನು ನನ್ನ ಅಂಗಡಿಯ ಮುಂದೆ ಚಪ್ಪಲಿ ಬಿಡುವುದನ್ನೂ ಮರೆತು, ಒಂದೊಂದು ಹೆಜ್ಜೆಗೆ ಮೂರು ಮೆಟ್ಟಿಲು ದಾಟಿ ಮೇಲೆ ಹೋದ. ಎರಡು ನಿಮಿಷಕ್ಕೆ ಎದುರು ಮನೆಯ ಕಿಟಕಿ ತೆರೆಯಿತು. ಮೂರನೆಯ ನಿಮಿಷಕ್ಕೆ ನಾನೂ ಮೇಲೆ ಹೋದೆ. ನೆರೆಯವನಾಗಿ ಹೋಗದಿದ್ದರೆ ತಪ್ಪಾಗುತ್ತದೆ.

‘ಭಾವ, ನಿಮಗೇನು ತಲೆ ಕೆಟ್ಟಿದೆಯಾ?’ ಎಂದು ಗುಮಾಸ್ತ ಕೂಗುತ್ತಿದ್ದ. ‘ನಮ್ಮ ಸಾಹೇಬರು ಇಡೀ ಸ್ಟಾಫನ್ನ ಕರೆಸಿ ನಿಲ್ಲಿಸಿದ್ರು. ಎಲ್ಲರೂ ನೋಡಿ, ಹೊಸ ಪ್ರೋಗ್ರಾಂ ನನ್ನ ಕೈಯಾರೆ ಶುರು ಮಾಡ್ತೀನಿ, ಅಂತ ಗುಂಡಿ ಒತ್ತಿದ್ರು. ಪರದೆ ಮೇಲೆ ಕೆಂಪು ಅಕ್ಷರದಲ್ಲಿ ಬಂತು: ನಿನಗೆ ವಯಸ್ಸಾಯಿತು!’

‘ಅಯ್ಯೋ’ ಎಂದರು ಯಾಕಂದ್ರಣ್ಣ.

‘ಅಷ್ಟೇ ಆಗಿದ್ರೆ ಹೇಗೋ ಆಗ್ತಿತ್ತು. ಅವರಿಗೆ ಕನ್ನಡಕ ಇರಲಿಲ್ಲ. ಆಪರೇಟರಮ್ಮ ಗಟ್ಟಿಯಾಗಿ ಓದಿ ಹೇಳಿದ್ರು. ಕೊನೇವರೆಗೂ.’

‘ಮರ್ಯಾದೆ ಉಳಿಸಿಕೊಂಡು ಅನ್ನೋದೂ?’

‘ಅದೂ!’

‘ಸಾಹೇಬರಿಗೆ ವಯಸ್ಸೆಷ್ಟಪ್ಪ?’ ಎಂದರು ಅಲ್ಲೇ ಕೂತಿದ್ದ ಗುಮಾಸ್ತನ ತಾಯಿ, ಅಂದರೆ ಯಾಕಂದ್ರಣ್ಣನ ಅತ್ತೆ.

‘ಇನ್ನು ಮೂರು ತಿಂಗಳಿಗೆ ರಿಟೈರಮ್ಮ! ಅದೇ ಈಗ ಗಾಯ. ಅವರಿಗೆ ಹೋಗೋಕೆ ಇಷ್ಟ ಇಲ್ಲ. ಯಾರು ರಿಟೈರ್ ಅನ್ನೋ ಮಾತೆತ್ತಿದ್ರೂ ಎದ್ದು ಹೋಗ್ತಾರೆ. ಈಗ ಕಂಪನಿಯವರ ಜೊತೆ ಸೇರಿ ನಾನೇ ಇದನ್ನ ಬರೆಸಿದೀನಿ ಅಂತ ಆಫೀಸೆಲ್ಲ ಮಾತಾಡ್ಕೊತಿದೆ.’

ಅತ್ತೆ ಅಳಿಯನನ್ನು ನೋಡಿ ನಿಟ್ಟುಸಿರು ಬಿಟ್ಟರು. ‘ನೋಡಿ ಅಳಿಯಂದಿರೇ, ನನಗೆ ಕಂಪ್ಯೂಟರ್ ಗೊತ್ತಿಲ್ಲ. ಆದರೆ ವಯಸ್ಸಾದೋರಿಗೆ ವಯಸ್ಸಾಯ್ತು ಅಂತ ಹೇಳೋಕೆ ಅಷ್ಟು ದೊಡ್ಡ ಯಂತ್ರ ಬೇಕಾಗಿರಲಿಲ್ಲ.’

ಮಂಗಳವಾರ ಕಂಪನಿಯ ಯಜಮಾನರು ಯಾಕಂದ್ರಣ್ಣನನ್ನು ಕರೆದು ಎರಡೇ ಮಾತು ಹೇಳಿದರಂತೆ: ‘ಶುಕ್ರವಾರದೊಳಗೆ ಸಹಿ ಬರಬೇಕು. ಬರದಿದ್ರೆ ಸೋಮವಾರ ನೀವು ಬರಬೇಡಿ.’ ಹನ್ನೊಂದು ವರ್ಷದ ಕೆಲಸ. ಯಾಕಂದ್ರಣ್ಣ ಸ್ಟೂಲಿನ ಮೇಲೆ ಕೂತು ಅಂದು ಒಂದೇ ಒಂದು ಕಾರಣವನ್ನೂ ಕೊಡಲಿಲ್ಲ. ನನಗೆ ಗಾಬರಿಯಾಯಿತು.

ಆದರೆ ಅದೇ ದಿನ ತಪ್ಪು ಎಲ್ಲಿದೆ ಎಂಬುದನ್ನು ಅವರು ಹಿಡಿದಿದ್ದರು. ಭಾವಮೈದನಿಗೆ ಫೋನು ಮಾಡಿ, ಕಚೇರಿಯ ಕಂಪೈಲರಿನ ಎದೆಯ ಮೇಲಿನ ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿಸಿದ್ದರು. ಅದು ಹಳೆಯದಲ್ಲವೇ ಅಲ್ಲ, ಹೊಚ್ಚ ಹೊಸದು. ಆದರೆ ಈ ಹೊಸಬನ ಎದೆಯಲ್ಲಿ ಎರಡು ಚೀಟಿ. ಒಂದರಲ್ಲಿ ಅವನದೇ ಹೆಸರು. ಇನ್ನೊಂದರಲ್ಲಿ, ‘ನಾನೂ ದೊಡ್ಡಪ್ಪನೇ, ನಾಲ್ಕನೆಯ ಆವೃತ್ತಿ’ ಎಂದಿದೆ. ದೊಡ್ಡಪ್ಪ ಎಂದರೆ ಎಲ್ಲರೂ ಬಹುಕಾಲದಿಂದ ಬಲ್ಲ ಒಂದು ಹಿರಿಯ ಕಂಪೈಲರ್; ಆ ಅಡ್ಡಹೆಸರು ಯಾಕಂದ್ರಣ್ಣನದು. ಲೋಕದ ಅರ್ಧ ಕೋಡು ‘ನೀನು ದೊಡ್ಡಪ್ಪನಾ?’ ಎಂದಷ್ಟೇ ಕೇಳಿ ಬಾಗಿಲು ತೆಗೆಯುವುದರಿಂದ, ಹೊಸಬ ಒಳಗೆ ಹೋಗಲು ಆ ಚೀಟಿಯನ್ನೂ ಅಂಟಿಸಿಕೊಂಡಿದ್ದಾನೆ. ಯಾಕಂದ್ರಣ್ಣನ ಕೋಡು ಮೊದಲು ಕೇಳಿದ್ದೇ ‘ದೊಡ್ಡಪ್ಪನಾ?’ ಎಂದು. ಹೊಸಬ ‘ಹೂಂ’ ಎಂದ. ‘ಎಷ್ಟನೆಯದು?’ ‘ನಾಲ್ಕು.’ ಐದಕ್ಕಿಂತ ಕಡಿಮೆ ಎಂದ ಮೇಲೆ ಮುದುಕ. ನಡಿ ಮನೆಗೆ!

‘ಮೊದಲು ಹೊಸಬನಾ ಅಂತ ಕೇಳಿ, ಆಮೇಲೆ ದೊಡ್ಡಪ್ಪನಾ ಅಂತ ಕೇಳಿದ್ರೆ ಮುಗೀತು’ ಎಂದರು. ‘ಎರಡು ಸಾಲು ಮೇಲೆ ಕೆಳಗೆ ಮಾಡಬೇಕು, ಅಷ್ಟೇ. ನಾಳೆ ನಾನೇ ಹೋಗಿ ಸಾಹೇಬರಿಗೆ ವಿವರಿಸ್ತೀನಿ.’

‘ವಿವರಿಸಬೇಡಿ. ಕೈಮುಗಿದು ತಪ್ಪಾಯ್ತು ಅಂದು ಬನ್ನಿ’ ಎಂದೆ.

‘ಹಾಗೆ ಬರೋಕಾಗಲ್ಲ. ಯಾಕಂದ್ರೆ ಅವರಿಗೆ ಕಾರಣ ಗೊತ್ತಾಗಬೇಕಲ್ಲ.’

ಬುಧವಾರ ಸಾಹೇಬರ ಕೋಣೆಯಲ್ಲಿ ನಡೆದದ್ದನ್ನು ಬಾಗಿಲ ಹಿಂದಿದ್ದ ಗುಮಾಸ್ತ ಹೇಳಿದ್ದು ಹೀಗೆ.

‘ಸಾರ್, ಅದು ನಿಮ್ಮ ಬಗ್ಗೆ ಬರೆದಿದ್ದಲ್ಲ’ ಎಂದು ಶುರು ಮಾಡಿದರು ಯಾಕಂದ್ರಣ್ಣ. ‘ಯಾಕಂದ್ರೆ ಬರೆಯೋವಾಗ ನೀವು ಅಂತ ಒಬ್ಬರು ಇದೀರಿ ಅಂತಾನೇ ನನಗೆ ಗೊತ್ತಿರಲಿಲ್ಲ.’

‘ಮೂವತ್ತೊಂಬತ್ತು ವರ್ಷ ಸರ್ವೀಸು’ ಎಂದರು ಸಾಹೇಬರು ಮೆಲ್ಲಗೆ. ‘ನಾನಿದೀನಿ ಅಂತಾನೇ ಗೊತ್ತಿರಲಿಲ್ಲ.’

‘ಅಲ್ಲ ಸಾರ್, ವಯಸ್ಸಾಯ್ತು ಅಂದಿದ್ದು ಬೇರೆಯವರಿಗೆ. ನಿಮ್ಮ ಈ ರೂಮಲ್ಲಿ ಇರೋರಿಗೆ ನಿಜವಾಗ್ಲೂ ಅಷ್ಟು ವಯಸ್ಸೇ ಆಗಿಲ್ಲ. ಚೀಟೀಲಿ ಮಾತ್ರ ಜಾಸ್ತಿ ಬರೆಸಿಕೊಂಡಿದೆ.’

ಸಾಹೇಬರ ಪೆನ್ನು ನಿಂತಿತು. ‘ಏನಂದ್ರಿ?’

‘ಸುಳ್ಳು ಚೀಟಿ ಸಾರ್. ನಿಜವಾದ ವಯಸ್ಸೇ ಬೇರೆ. ನಿಜ ಹೇಳಿದ್ರೆ ಬಾಗಿಲಲ್ಲೇ ನಿಲ್ಲಿಸಿಬಿಡ್ತಾರೆ ಅಂತ ಮೊದಲಿಂದಾನೇ ಹಾಗೆ ಬರೆಸಿಕೊಂಡು ಒಳಗೆ ಸೇರಿದೆ.’

ಸಾಹೇಬರು ಮೇಜಿನ ಮೇಲಿದ್ದ ನೀರನ್ನು ಪೂರ್ತಿ ಕುಡಿದರು. ‘ಇದು... ಎಷ್ಟು ಜನಕ್ಕೆ ಗೊತ್ತು?’

‘ನಮ್ಮ ಲೈನಲ್ಲಿ ಇರೋರಿಗೆಲ್ಲ ಗೊತ್ತು ಸಾರ್. ನನಗೇ ನಿನ್ನೆ ಗೊತ್ತಾಗಿದ್ದು.’

‘ಯಾರು ಹೇಳಿದ್ರು?’

‘ನಿಮ್ಮ ಆಫೀಸಿಂದಾನೇ. ನನ್ನ ಭಾವಮೈದ ಫೋನಲ್ಲಿ ಎಲ್ಲಾ ಓದಿ ಹೇಳಿದ.’

ಗುರುವಾರ ಬೆಳಗ್ಗೆ ಗುಮಾಸ್ತನ ಕೈಗೆ ವರ್ಗಾವಣೆಯ ಆದೇಶ ಬಂತು. ಊರಾಚೆಯ ಹಳೆಯ ಪಂಪ್‌ಹೌಸಿಗೆ. ಅಲ್ಲಿ ಒಂದು ಪಂಪು, ಒಂದು ಬಲ್ಬು ಮತ್ತು ಕಪ್ಪೆಗಳು. ಸಹಿಯ ಮಾತನ್ನಂತೂ ಯಾರೂ ಎತ್ತುವ ಹಾಗಿರಲಿಲ್ಲ.

ಯಾಕಂದ್ರಣ್ಣನ ಹೆಂಡತಿ ಅಂಗಡಿಗೆ ಬಂದರು. ಆಕೆ ಹೆಚ್ಚು ಮಾತಾಡುವವರಲ್ಲ. ಆ ಮನೆಯಲ್ಲಿ ಮಾತಾಡಲು ಜಾಗ ಉಳಿದಿಲ್ಲ. ‘ಟೈಲರಣ್ಣ, ನಾಳೆ ಇವರ ಜೊತೆ ನೀವೂ ಹೋಗಿ. ಕೆಲಸ ಹೋದ್ರೆ ಇವರು ದಿನಾ ಪೂರ್ತಿ ಮನೇಲಿರ್ತಾರೆ’ ಎಂದರು. ಆಕೆಯ ಕಣ್ಣಲ್ಲಿ ನಿಜವಾದ ಭಯವಿತ್ತು. ಯಾವುದರ ಭಯ ಎಂದು ನಾನು ಬಿಡಿಸಿ ಕೇಳಲಿಲ್ಲ.

ನಾನು ಒಂದು ಪ್ಯಾಂಟಿನ ಹೊಲಿಗೆ ಬಿಚ್ಚುತ್ತ ಯೋಚಿಸಿದೆ. ಬೈಸಿಕೊಂಡ ಮನುಷ್ಯ ಕೆಂಪಾಗುತ್ತಾನೆ. ಸಾಹೇಬರು ಬೆಳ್ಳಗಾಗಿದ್ದರು ಎಂದಿದ್ದ ಗುಮಾಸ್ತ. ಬೆಳ್ಳಗಾಗುವವನು ಸಿಕ್ಕಿಬಿದ್ದವನು. ಯಂತ್ರದ ಚೀಟಿಯ ಮಾತು ಸಾಹೇಬರ ಯಾವುದೋ ಗುಟ್ಟಿಗೆ ತಾಗಿದೆ ಎಂದು ಅಲ್ಲಿಗೆ ನನಗೆ ಅರ್ಧ ತಿಳಿಯಿತು.

ಶುಕ್ರವಾರ ಹತ್ತು ಗಂಟೆಗೆ ಸಾಹೇಬರ ಕೋಣೆಯ ಹೊರಗೆ ಯಾಕಂದ್ರಣ್ಣನಿಗೆ ನಾಲ್ಕು ಗುಂಡುಪಿನ್ನು ಕೊಟ್ಟೆ. ‘ಇದನ್ನ ತುಟಿಯಲ್ಲಿ ಕಚ್ಚಿಕೊಳ್ಳಿ. ನಾನು ಕೇಳಿದಾಗ ಒಂದೊಂದೇ ಕೊಡಿ.’

‘ಯಾಕ...’

‘ಕಚ್ಚಿಕೊಳ್ಳಿ.’

ಇಪ್ಪತ್ತೆರಡು ವರ್ಷದಿಂದ ನಾನು ಪಿನ್ನು ಕಚ್ಚಿಕೊಂಡೇ ಕೆಲಸ ಮಾಡಿದ್ದೇನೆ. ತುಟಿಯಲ್ಲಿ ಪಿನ್ನಿರುವ ಮನುಷ್ಯನಿಂದ ಯಾರಿಗೂ ಕೇಡಾದದ್ದು ನಾನು ನೋಡಿಲ್ಲ.

ಸಾಹೇಬರು ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಸವೆದ ಕಾಲರನ್ನು ಒಂದು ಸಲ ಮಗುಚಿ ಹೊಲಿದದ್ದು. ಅಂಗಿಯ ಕಾಲರು ಮಗುಚಿಸುವವರು ಕೆಟ್ಟವರಾಗಿರುವುದು ಅಪರೂಪ. ಅವರು ನನ್ನನ್ನು ನೋಡಿ, ಆಮೇಲೆ ಯಾಕಂದ್ರಣ್ಣನ ಬಾಯಿ ನೋಡಿ, ‘ಇವರಿಗೇನಾಗಿದೆ?’ ಎಂದರು.

‘ಏನಿಲ್ಲ ಸಾರ್, ಹುಷಾರಾಗಿದಾರೆ. ನಾನು ಟೈಲರು. ಐದು ನಿಮಿಷ ಕೊಡಿ.’

ಎರಡು ಚೀಟಿ ಹರಿದು ಬರೆದೆ. ಒಂದರಲ್ಲಿ ‘ಹೊಸಬ’. ಇನ್ನೊಂದರಲ್ಲಿ ‘ದೊಡ್ಡಪ್ಪ, ಹಳಬ’. ಯಾಕಂದ್ರಣ್ಣನ ಬಾಯಿಂದ ಎರಡು ಪಿನ್ನು ತೆಗೆದು ಎರಡನ್ನೂ ನನ್ನ ಎದೆಗೆ ಚುಚ್ಚಿಕೊಂಡೆ.

‘ಸಾರ್, ನಿಮ್ಮ ಯಂತ್ರದೊಳಗೆ ಒಂದು ಕಂಪೈಲರ್ ಅಂತ ಇದೆ. ಅದು ನಾನು ಅಂದ್ಕೊಳ್ಳಿ. ನಾನು ಹೊಸಬ. ಆದರೆ ಹೊಸಬರನ್ನ ಯಾರೂ ಒಳಗೆ ಬಿಡಲ್ಲ, ಅದಕ್ಕೆ ಈ ಹಳೇ ಚೀಟೀನೂ ಹಾಕ್ಕೊಂಡಿದೀನಿ. ಇವರು ಬಾಗಿಲಲ್ಲಿ ಹಳೇ ಚೀಟೀನೇ ಮೊದಲು ಓದಿದ್ರು. ವಯಸ್ಸಾಯ್ತು ಹೋಗು ಅಂದ್ರು. ಆ ಬೈಗುಳ ನನಗೆ, ಅಂದ್ರೆ ಯಂತ್ರಕ್ಕೆ. ಎದುರಿಗೆ ಕೂತಿದ್ದವರು ನೀವಾದ್ರಿ. ನಿಮ್ಮ ಬಗ್ಗೆ ಇವರಿಗೆ ಏನೂ ಗೊತ್ತಿಲ್ಲ. ಆ ಹುಡುಗ ಫೋನಲ್ಲಿ ಓದಿ ಹೇಳಿದ್ದೂ ಈ ಚೀಟೀನೇ.’

‘ಏನೂ ಗೊತ್ತಿಲ್ಲ?’

‘ದೇವರಾಣೆ ಗೊತ್ತಿಲ್ಲ ಸಾರ್.’

ಯಾಕಂದ್ರಣ್ಣ ಉಳಿದ ಎರಡು ಪಿನ್ನುಗಳ ನಡುವಿನಿಂದ ‘ಹ್ಞೂಂ ಹ್ಞೂಂ’ ಎಂದು ಜೋರಾಗಿ ತಲೆಯಾಡಿಸಿದರು.

ಸಾಹೇಬರು ನನ್ನ ಎದೆಯ ಮೇಲಿನ ಚೀಟಿಗಳನ್ನು ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಬಾಗಿಲ ಹಿಂದಿದ್ದ ಗುಮಾಸ್ತನ ಮೂಗಿಗೆ ಅದು ತಾಗಿದ್ದು ನಮಗೆ ಆಮೇಲೆ ಗೊತ್ತಾಯಿತು.

‘ನಾನು ನಾಲ್ಕು ವರ್ಷದವನಿದ್ದಾಗ’ ಎಂದರು, ‘ಮನೇಲಿ ನೋಡ್ಕೊಳ್ಳೋರು ಯಾರೂ ಇರಲಿಲ್ಲ. ಅಕ್ಕನ ಜೊತೆ ಶಾಲೆಗೆ ಹಾಕಿಬಿಡೋಣ ಅಂತ ಅಪ್ಪ ಕರ್ಕೊಂಡು ಹೋದ್ರು. ಆರು ತುಂಬಿರಬೇಕು ಅಂದ್ರು ಮೇಷ್ಟ್ರು. ಆರು ಅಂತ ಬರೆಸಿದ್ರು ಅಪ್ಪ. ಕೆಲಸಕ್ಕೆ ಕರೆದಾಗ ಇಪ್ಪತ್ತೊಂದು ಆಗಿರಬೇಕು ಅಂತಿತ್ತು. ನನಗೆ ಹತ್ತೊಂಬತ್ತು. ಚೀಟೀಲಿ ಇಪ್ಪತ್ತೊಂದು ಇತ್ತಲ್ಲ, ತಗೊಂಡ್ರು. ಈಗ ಅರವತ್ತಾಯ್ತು, ಹೋಗು ಅಂತಾರೆ. ನನಗಿನ್ನೂ ಐವತ್ತೆಂಟು ಮಾರಾಯ.’



‘ತಿದ್ದಿಸಿಕೊಳ್ಳಬಹುದಲ್ಲ ಸಾರ್?’ ಎಂದೆ.

‘ಇಷ್ಟು ವರ್ಷ ಸುಳ್ಳು ಹೇಳಿದ್ದೆ ಅಂತ ಬರೆದುಕೊಟ್ಟಾ? ಬೇಡ. ಒಳಗೆ ಬಿಟ್ಟಿದ್ದೂ ಆ ಚೀಟೀನೇ, ಹೊರಗೂ ಅದೇ ಕಳಿಸಲಿ. ಅದಲ್ಲ ನನಗೆ ನೋವಾಗಿದ್ದು. ಸೋಮವಾರ ಅದನ್ನ ಓದಿದಾಗ ಒಬ್ಬರೂ ನಗಲಿಲ್ಲ ನೋಡಿ. ನಕ್ಕಿದ್ರೆ ತಮಾಷೆ ಅನ್ಕೋಬಹುದಿತ್ತು. ಎಲ್ಲರೂ ಒಪ್ಪಿದ ಹಾಗೆ ತಲೆ ತಗ್ಗಿಸಿದ್ರು.’

ಯಾಕಂದ್ರಣ್ಣನ ಹತ್ತಿರ ಇದಕ್ಕೂ ಒಂದು ಕಾರಣ ಇತ್ತೋ ಏನೋ, ಪಿನ್ನು ಬಿಡಲಿಲ್ಲ. ಆದರೆ ಅವರು ಒಂದು ಕೆಲಸ ಮಾಡಿದರು. ಯಂತ್ರದ ಮುಂದೆ ಹೋಗಿ ಕೂತು, ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿ, ಎದ್ದು ಕುರ್ಚಿಯನ್ನು ಸಾಹೇಬರ ಕಡೆ ತಿರುಗಿಸಿ, ಕೈಮುಗಿದು ನಿಂತರು. ಹನ್ನೊಂದು ವರ್ಷದಲ್ಲಿ ಅವರು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

ಸಾಹೇಬರು ಈ ಸಲ ಕನ್ನಡಕ ಹಾಕಿಕೊಂಡು ಗುಂಡಿ ಒತ್ತಿದರು. ಸಾಲುಗಳು ಸರಸರ ಓಡಿ ನಿಂತವು. ಎರರ್ ಇಲ್ಲ. ಪ್ರೋಗ್ರಾಂ ಸಿದ್ಧ.

‘ಒಳಗೆ ಬಿಟ್ರಾ ಅವನನ್ನ?’

‘ಬಿಟ್ರು ಸಾರ್’ ಎಂದೆ.

‘ಹಳೇ ಚೀಟಿ ಇದ್ದಿದ್ದಕ್ಕೆ ಅವನ ಮೇಲೆ ಏನೂ ಕ್ರಮ ಇಲ್ವಾ?’

‘ಇಲ್ಲ ಸಾರ್. ಎಲ್ಲರೂ ಅರ್ಥ ಮಾಡ್ಕೊಂಡಿದಾರೆ.’

ಅವರ ಮುಖ ಸ್ವಲ್ಪ ಸಡಿಲಾಯಿತು. ಗುಮಾಸ್ತನ ವರ್ಗಾವಣೆ ಆದೇಶದ ಕಚೇರಿ ಪ್ರತಿಯನ್ನು ಡ್ರಾಯರಿನಿಂದ ತೆಗೆದು ನಾಲ್ಕು ಚೂರು ಮಾಡಿದರು. ಸಹಿ ಹಾಕಬೇಕಾದ ಪತ್ರವನ್ನು ಮುಂದೆ ಎಳೆದುಕೊಂಡವರು, ಪೆನ್ನು ಎತ್ತಿ ಹಿಡಿದೇ ಇದ್ದರು.

‘ಒಂದು ಷರತ್ತು. ಆ ಬೈಗುಳಗಳನ್ನ ತೆಗೀಬೇಕು. ನಾಳೆ ಬೇರೆ ಊರಿನ ಕಚೇರೀಲಿ ಇನ್ನೊಬ್ಬ ಕೂತಿರ್ತಾನೆ. ನಾನು ಹೇಳ್ತೀನಿ, ಬರ್ಕೊಳ್ಳಿ.’

ಯಾಕಂದ್ರಣ್ಣ ಪಿನ್ನು ತೆಗೆದು ಬರೆದುಕೊಂಡರು. ಸಾಹೇಬರು ಕಣ್ಣು ಮುಚ್ಚಿ, ಮೂವತ್ತೊಂಬತ್ತು ವರ್ಷದ ಪತ್ರವ್ಯವಹಾರದ ಸಾರವನ್ನೆಲ್ಲ ಇಳಿಸಿದರು: ‘ಮಾನ್ಯರೇ, ತಾವು ಯಾರೆಂಬುದು ನಮಗೆ ತಿಳಿದುಬಂದಿರುವುದಿಲ್ಲ. ಇದು ನಮ್ಮ ಲೋಪವೇ ಹೊರತು ತಮ್ಮದಲ್ಲ. ದಯವಿಟ್ಟು ಕುಳಿತುಕೊಳ್ಳಿ. ಸಂಬಂಧಪಟ್ಟವರು ತಮ್ಮನ್ನು ಬಂದು ಕಾಣುವರು. ತುರ್ತು ಇದ್ದಲ್ಲಿ ಈ ದೂರವಾಣಿಗೆ ಕರೆ ಮಾಡುವುದು.’

‘ಯಾವ ನಂಬರು ಹಾಕಲಿ ಸಾರ್?’

ಸಾಹೇಬರು ಸ್ವಲ್ಪ ಯೋಚಿಸಿದರು. ‘ನಮ್ಮ ಮನೇದು ಹಾಕಿ’ ಎಂದರು. ಸಹಿ ಹಾಕಿದರು.

ಸೋಮವಾರ ಯಾಕಂದ್ರಣ್ಣ ಎಂದಿನಂತೆ ಕೆಲಸಕ್ಕೆ ಹೋದರು. ಮೂರು ತಿಂಗಳಿಗೆ ಸಾಹೇಬರು ನಿವೃತ್ತರಾದರು. ಆ ಪ್ರೋಗ್ರಾಂ ಈಗ ಏಳು ಊರುಗಳಿಗೆ ಹೋಗಿದೆ, ಯಾವ ಊರಲ್ಲಿ ಯಾವ ಕಂಪೈಲರ್ ಇದೆಯೋ ಯಾರಿಗೆ ಗೊತ್ತು!

ಮೊನ್ನೆ ಅಂಗಿಯ ಅಳತೆಗೆಂದು ಸಾಹೇಬರ ಮನೆಗೆ ಹೋಗಿದ್ದೆ. ತೋಳಿಗೆ ಟೇಪು ಹಿಡಿದಿದ್ದೇನೆ, ಯಾವುದೋ ಊರಿನ ಕಚೇರಿಯಿಂದ ಫೋನು ಬಂತು. ಸಾಹೇಬರು ಗಂಟಲು ಸರಿಮಾಡಿಕೊಂಡರು.

‘ನಮಸ್ಕಾರ. ಮೊದಲು ತಾವು ಯಾರು ಹೇಳಿ... ಇಲ್ಲ ಇಲ್ಲ, ನಿಧಾನವಾಗಿ, ಎಲ್ಲಾ ಚೀಟಿ ಓದಿ... ಹಾಂ, ಬರ್ಕೊಂಡೆ. ಸಂಬಂಧಪಟ್ಟವರಿಗೆ ತಿಳಿಸ್ತೀನಿ. ಎಷ್ಟು ಹೊತ್ತಿಂದ?’

ಅವರು ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಬಹಳ ವರ್ಷಗಳ ಒಂದು ಆಸೆ ಕೈಗೂಡಿದ ಸಂತೋಷ.

‘ಟೈಲರ್, ಪರದೆ ಮೇಲೆ ಕುಳಿತುಕೊಳ್ಳಿ ಅಂತ ಬಂತಂತೆ, ಬೆಳಗ್ಗೆಯಿಂದ ಕೂತೇ ಇದಾನಂತೆ. ನನ್ನ ಇಡೀ ಸರ್ವೀಸಲ್ಲಿ ಹೇಳಿದ ಮಾತು ಇಷ್ಟು ಕೇಳಿದೋನು ಒಬ್ಬನೂ ಸಿಕ್ಕಿರಲಿಲ್ಲ!’